ಹುನಗುಂದದ ಹೆಸರು, ಬಾಗಲಕೋಟೆಯ ಬೆಂಚು

ಕಾಲೇಜು ಕಚೇರಿಯಲ್ಲಿ ವಿದ್ಯಾರ್ಥಿವೇತನದ ಮೇಜಿಗೆ ಹೊಸದಾಗಿ ಬಂದು ಕೂತವರು ಹೆಚ್ಚುಕಡಿಮೆ ಮೊದಲ ವಾರದಲ್ಲೇ ನನ್ನನ್ನು ಕೇಳುತ್ತಿದ್ದ ಪ್ರಶ್ನೆಯೊಂದಿತ್ತು: ‘ಮೇಡಂ, ಒಬ್ಬ ವಿದ್ಯಾರ್ಥಿ ಎರಡು ಕಾಲೇಜಿನಾಗ ಓದ್ತಿದ್ರ ಅರ್ಜಿ ಯಾರು ಹಾಕಬೇಕ್ರಿ?’ ನಿಯಮದ ಉತ್ತರ ಚಿಕ್ಕದು. ಹೆಸರು ಯಾವ ಕಾಲೇಜಿನಲ್ಲಿದೆಯೋ ಆ ಕಾಲೇಜು ಅರ್ಜಿ ಕಳಿಸಬೇಕು. ಪಾಠ ಎಲ್ಲಿ ನಡೆಯುತ್ತದೆಯೋ ಆ ಕಾಲೇಜು ಹಾಜರಿ ಕೊಡಬೇಕು. ಅಷ್ಟನ್ನು ಹೇಳಿ ಮುಂದಿನ ಕೆಲಸಕ್ಕೆ ಹೋಗುತ್ತಿದ್ದೆ. ಆ ಉತ್ತರದ ಹಿಂದೆ ಏನೇನು ನಡೆದಿರುತ್ತದೆ ಎಂದು ಹೇಳಲು ಆಗ ಹೊತ್ತಿರಲಿಲ್ಲ. ಈಗ ಇದೆ.

ನಾನು ಇಳಕಲ್ಲಿನವಳು. ಹುನಗುಂದದ ಒಂದು ಪದವಿ ಕಾಲೇಜಿನ ಕಚೇರಿಯಲ್ಲಿ ದುಡಿದು ನಿವೃತ್ತಳಾದೆ. ಯಾವ ವರ್ಷ ಯಾವ ಕುರ್ಚಿಯಲ್ಲಿದ್ದೆ ಎಂಬುದು ಓದುವವರಿಗೆ ಉಪಯೋಗವಿಲ್ಲ. ಕಾಲೇಜಿಗೆ ಸೇರುವ ಮೊದಲು ಊರಿನ ಸಣ್ಣ ವಾರಪತ್ರಿಕೆಯೊಂದರಲ್ಲಿ ಸುದ್ದಿ ಟೈಪು ಮಾಡುತ್ತಿದ್ದೆ, ಆಗೊಮ್ಮೆ ಈಗೊಮ್ಮೆ ಬರೆಯುತ್ತಿದ್ದೆ. ಅಲ್ಲಿನ ಸಂಪಾದಕರು ಸಾಲಿನ ಮೇಲೆ ಬೆರಳಿಟ್ಟು ‘ಇದು ನೀ ನೋಡಿದ್ದೋ, ಕೇಳಿದ್ದೋ?’ ಎನ್ನುತ್ತಿದ್ದರು. ಕೇಳಿದ್ದಾದರೆ ಹೇಳಿದವರು ಯಾರೆಂದು ಬರೆಯಬೇಕಿತ್ತು. ಆ ರೂಢಿ ನನ್ನನ್ನು ಬಿಟ್ಟಿಲ್ಲ. ಇಲ್ಲಿ ಬರೆದದ್ದರಲ್ಲಿ ನಾನು ಎದುರಿಗಿರದ ಸಂಗತಿಗಳನ್ನು ಹಾಗೆಂದೇ ಹೇಳಿದ್ದೇನೆ.

ಒಂದು ಕಾಲೇಜಿನಲ್ಲಿ ಹೆಸರಿದ್ದು ಇನ್ನೊಂದರಲ್ಲಿ ಪಾಠ ಕೇಳುವ ವಿದ್ಯಾರ್ಥಿಗೆ ನೆರವು ನಿಲ್ಲದಂತೆ ಎರಡು ಕಾಲೇಜುಗಳು ಮಾಡಿಕೊಳ್ಳುವ ಒಪ್ಪಂದವನ್ನು ನಮ್ಮ ಕಚೇರಿಯಲ್ಲಿ ‘ಎರಡು ಕಾಲೇಜಿನ ಕಾಗದ’ ಎನ್ನುತ್ತಿದ್ದೆವು. ನೆರವು ಎಂದರೆ ಸರಕಾರದ ವಿದ್ಯಾರ್ಥಿವೇತನ, ಸಂಸ್ಥೆ ಕೊಡುವ ಶುಲ್ಕ ವಿನಾಯಿತಿ, ಬಸ್ ಪಾಸಿಗೆ ಬೇಕಾದ ದೃಢೀಕರಣ. ದೊಡ್ಡ ಊರುಗಳಲ್ಲಿ ಇದು ಹೇಗೆ ನಡೆಯುತ್ತದೆಯೋ ನನಗೆ ಗೊತ್ತಿಲ್ಲ. ನಮ್ಮ ಕಡೆ ಇದು ನಡೆಯುತ್ತಿದ್ದುದು ಮರ್ಯಾದೆಯ ಮೇಲೆ, ನಿಂತುಹೋಗುತ್ತಿದ್ದುದೂ ಮರ್ಯಾದೆಯಿಂದಲೇ.

ನಾನು ನೋಡಿದ ಮೊದಲ ಕಾಗದ ಬಾದಾಮಿಯ ಕಾಲೇಜೊಂದರ ಜೊತೆಗಿನದು. ಅಲ್ಲಿನ ಒಬ್ಬ ವಿದ್ಯಾರ್ಥಿ ಸಂಖ್ಯಾಶಾಸ್ತ್ರಕ್ಕೆ ನಮ್ಮಲ್ಲಿಗೆ ಬರುತ್ತಿದ್ದ. ಒಪ್ಪಂದ ಸಿದ್ಧವಾಯಿತು, ಸಹಿ ಮಾತ್ರ ಬಾಕಿ. ನಮ್ಮ ಪ್ರಿನ್ಸಿಪಾಲ ದೇಸಾಯಿ ಸರ್ ‘ಅವರು ಹಿರಿಯರು, ಮೊದಲ ಅವರು ಸಹಿ ಮಾಡ್ಲಿ’ ಎಂದು ಸಹಿ ಇಲ್ಲದೆ ಬಾದಾಮಿಗೆ ಕಳಿಸಿದರು. ಬಾದಾಮಿಯವರು ‘ಹುಡುಗಗ ಪಾಠ ಹೇಳಾವ್ರು ನೀವು, ಮೊದಲ ಮಾನ ನಿಮ್ಮದು’ ಎಂದು ಹಾಗೆಯೇ ತಿರುಗಿ ಕಳಿಸಿದರು. ಕಾಗದ ಹೋಗಿ ಬಂದು ಮಾಡುತ್ತಲೇ ಇತ್ತು, ಅರ್ಜಿಯ ಅವಧಿ ಮುಗಿಯುತ್ತ ಬಂತು. ಯಾರಿಗೂ ಮತ್ತೊಬ್ಬರ ಮೇಲೆ ಸಿಟ್ಟಿಲ್ಲ, ಯಾರೂ ಕೆಲಸ ತಪ್ಪಿಸಿಲ್ಲ. ಕೊನೆಗೆ ಎರಡು ಪ್ರತಿ ಮಾಡಿ, ಇಬ್ಬರೂ ತಮ್ಮತಮ್ಮ ಕೋಣೆಯಲ್ಲಿ ಒಂದೇ ಹೊತ್ತಿಗೆ ಒಂದೊಂದಕ್ಕೆ ಸಹಿ ಮಾಡಿ, ಆಮೇಲೆ ಅದಲುಬದಲು ಮಾಡಿಕೊಂಡರಾಯಿತು ಎಂದು ಫೋನಿನಲ್ಲಿ ತೀರ್ಮಾನವಾಯಿತು. ನಾನು ನಿವೃತ್ತಳಾಗುವವರೆಗೂ ಎರಡು ಕಾಲೇಜಿನ ಕಾಗದಗಳಿಗೆ ಸಹಿ ಬಿದ್ದದ್ದು ಇದೇ ಕ್ರಮದಲ್ಲಿ. ಈಗ ಕಂಪ್ಯೂಟರಿನಲ್ಲೇ ಸಹಿ. ಮೊದಲು ಯಾರು ಎಂಬ ಪ್ರಶ್ನೆ ಏಳುವುದಿಲ್ಲವಂತೆ.

ದೇಸಾಯಿ ಸರ್ ಬಗ್ಗೆ ಇಲ್ಲೇ ಒಂದು ಮಾತು. ಅವರ ಕೈಕೆಳಗೆ ಕೆಲಸ ಮಾಡಿದವರೆಲ್ಲ ಒಮ್ಮೆಯಾದರೂ ಬೈಸಿಕೊಂಡಿದ್ದೇವೆ. ಸಿಟ್ಟು ಬೇಗ ಬರುತ್ತಿತ್ತು, ಚಹಾ ಬರುವುದರೊಳಗೆ ಹೋಗುತ್ತಿತ್ತು. ಹೋಗದೆ ಉಳಿದ ಸಿಟ್ಟು ಒಂದೇ. ಅದು ಬಾಗಲಕೋಟೆಯ ಒಂದು ಕಾಲೇಜಿನ ಪ್ರಿನ್ಸಿಪಾಲರ ಮೇಲಿನದು. ಇಬ್ಬರೂ ಹೊಸ ಉಪನ್ಯಾಸಕರಾಗಿದ್ದಾಗ ಅಂತರ ಕಾಲೇಜು ಖೋ ಖೋ ಪಂದ್ಯವೊಂದರಲ್ಲಿ ಆ ಮನುಷ್ಯ ಕೊಟ್ಟ ಔಟ್ ತೀರ್ಪು ತಪ್ಪು ಎಂದು ಸರ್ ನಂಬಿದ್ದರು. ಪಂದ್ಯ ನಾನು ನೋಡಿಲ್ಲ. ಅದನ್ನು ಅವರ ಬಾಯಿಂದ ಎಷ್ಟು ಸಲ ಕೇಳಿದ್ದೇನೆ ಎಂದರೆ, ಔಟಾಗದ ಆ ಹುಡುಗ ಯಾವ ಕಂಬದ ಕಡೆ ಓಡಿದ ಎಂದು ಈಗಲೂ ಹೇಳಬಲ್ಲೆ.

ಮಾಯವ್ವನ ಪ್ರಕರಣ ಬಂದದ್ದು ಆ ಕಾಲೇಜಿಗೇ ಸಂಬಂಧಪಟ್ಟು.

ಮಾಯವ್ವ ನಮ್ಮಲ್ಲಿ ಬಿ.ಎಸ್ಸಿ. ಓದುತ್ತಿದ್ದಳು. ಅಮೀನಗಡದಲ್ಲಿ ಅಕ್ಕನ ಮನೆಯಲ್ಲಿ ಇರುತ್ತಿದ್ದಳು. ಅಕ್ಕನ ಗಂಡ ಕರದಂಟಿನ ಮಿಠಾಯಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ತಂದೆ ಮಾಳಪ್ಪ ಕುರಿ ಸಾಕುವವರು. ವರ್ಷದ ಬಹುಭಾಗ ಮಂದೆಯ ಹಿಂದೆ ಊರೂರು ತಿರುಗುವವರು, ಬೀರಪ್ಪನ ಪೂಜೆಯ ಹೊತ್ತಿಗೆ ಮನೆ ಸೇರುವವರು. ಮಾಯವ್ವನ ವಿಷಯಗಳಲ್ಲಿ ಒಂದು ಭೂವಿಜ್ಞಾನ, ಕೊನೆಯ ವರ್ಷಕ್ಕೆ ಉಳಿಯುತ್ತಿದ್ದುದು ಅದೊಂದೇ. ಅವಳು ಕೊನೆಯ ವರ್ಷಕ್ಕೆ ಬರುವ ಹೊತ್ತಿಗೆ ನಮ್ಮಲ್ಲಿ ಆ ವಿಷಯ ಹೇಳುತ್ತಿದ್ದ ಒಬ್ಬರೇ ಉಪನ್ಯಾಸಕರು ಬೇರೆ ಕಡೆ ಹೊರಟುಹೋದರು. ಬೇರೆಯವರು ಸಿಗಲಿಲ್ಲ. ಅವಳ ಜೊತೆಗಿದ್ದ ಇಬ್ಬರು ಹುಡುಗರು ವರ್ಗಾವಣೆ ಪತ್ರ ತೆಗೆದುಕೊಂಡು ಹೋದರು. ಅವಳೂ ಹಾಗೆ ಹೋದರೆ ನಮ್ಮ ಸಂಸ್ಥೆಯ ಶುಲ್ಕ ವಿನಾಯಿತಿ ನಿಲ್ಲುತ್ತಿತ್ತು, ವಿದ್ಯಾರ್ಥಿವೇತನ ಹೊಸ ಕಾಲೇಜಿನ ಮೂಲಕ ಮತ್ತೆ ಮಂಜೂರಾಗುವವರೆಗೆ ಕಾಯಬೇಕಿತ್ತು. ಅಷ್ಟು ಕಾಲ ಓದು ನಡೆಸುವ ಶಕ್ತಿ ಆ ಮನೆಗೆ ಇರಲಿಲ್ಲ.

ದೇಸಾಯಿ ಸರ್ ತಂದೆ ಮಗಳನ್ನು ಕರೆಸಿದರು. ನಾನೂ ಇದ್ದೆ.

‘ನೋಡು ತಂಗಿ, ಸಸ್ಯಶಾಸ್ತ್ರಕ್ಕ ಬದಲಿ ಮಾಡ್ಕೊ. ಚೊಲೋ ವಿಷಯ ಅದ. ಒಂದು ವರ್ಷ ಹಿಂದ ಬೀಳ್ತದ, ಅಷ್ಟ.’

‘ಸರ್, ಇಷ್ಟ ದಿನ ಕಲ್ಲು ಓದೇನ್ರಿ. ಈಗ ಗಿಡ ಓದು ಅಂದ್ರ ಹೆಂಗ್ರಿ?’

‘ಕಲ್ಲು ಓದಿ ಏನು ಮಾಡ್ತಿ?’

‘ಇಳಕಲ್ ಕಡೆ ಗ್ರಾನೈಟ್ ಖಣಿಯಾಗ ಕಲ್ಲು ಒಡಿಯೋ ಮಂದಿ ನಮ್ಮ ಸುತ್ತಿನ ಊರವ್ರ ಅದಾರ್ರಿ. ಎಲ್ಲಿ ಒಡೀಬೇಕು ಅಂತ ಹೇಳಾವ್ರು ಮಾತ್ರ ಹೊರಗಿಂದ ಬರ್ತಾರ.’

ಸರ್ ನನ್ನ ಕಡೆ ನೋಡಿದರು. ಎರಡು ಕಾಲೇಜಿನ ಕಾಗದ ಮಾಡಬಹುದು, ಬಾಗಲಕೋಟೆಯಲ್ಲಿ ಭೂವಿಜ್ಞಾನ ಇದೆ ಎಂದೆ. ಯಾವ ಕಾಲೇಜಿನಲ್ಲಿ ಎಂದು ನಾನು ಹೇಳಬೇಕಾಗಲಿಲ್ಲ. ಅವರ ಮುಖ ಬದಲಾಯಿತು. ಮಾಳಪ್ಪನವರಿಗೆ ಈ ಹಳೆಯ ಕತೆ ಗೊತ್ತಿರಲಿಲ್ಲ. ಅವರಿಗೆ ಒಪ್ಪಂದ ಏನೆಂದು ತಿಳಿಯಬೇಕಿತ್ತು. ಹೆಸರು ಹುನಗುಂದದ್ದು, ಕೂರುವ ಬೆಂಚು ಬಾಗಲಕೋಟೆಯದು ಎಂದು ಹೇಳಿದೆ.

‘ತಿಳೀತ್ ತಗೋರಿ,’ ಎಂದರು ಮಾಳಪ್ಪ. ‘ನಾವೂ ಇನ್ನೊಬ್ಬರ ಹೊಲದಾಗ ಗೊಬ್ಬರಕ್ಕ ಕುರಿ ನಿಂದರಿಸ್ತೇವ್ರಿ. ಹೊಲ ಅವರದು, ಕುರಿ ನಮ್ಮವು. ಕುರಿ ನಿಂತಿದ್ವು ಅಂತ ಹೊಲದವ್ರು ಹೇಳಿದ್ರ ಮುಗೀತು.’

‘ಮತ್ತ ನಿನ್ನ ಮಗಳನ್ನ ಕುರಿ ಮಾಡಿದ್ಯಲ್ಲೋ ಮಾಳಪ್ಪ,’ ಎಂದರು ಸರ್.

‘ಕುರಿ ಅಂದ್ರ ಕಡಿಮಿ ಏನ್ರಿ ಸಾಹೇಬ್ರ? ಅವನ್ನ ಮಾರೇ ಈಕಿನ ಸಾಲಿಗೆ ಹಚ್ಚೇನಿ.’

ಸರ್ ನಕ್ಕರು. ನಕ್ಕ ಮೇಲೆ ಒಲ್ಲೆ ಎನ್ನುವುದು ಅವರಿಗೆ ಆಗುತ್ತಿರಲಿಲ್ಲ. ‘ಕಾಗದ ಮಾಡ್ರಿ ಬಾಗವಾನ ಮೇಡಂ,’ ಎಂದರು ನನಗೆ. ‘ಆದ್ರ ಆ ಮನಷಾನ ಜೋಡಿ ನಾ ಮಾತಾಡೂದಿಲ್ಲ. ನೀವ ಮಾತಾಡ್ರಿ.’

ಹಾಗಾಗಿ ಮಾತೆಲ್ಲ ನಡೆದದ್ದು ನನ್ನ ಮತ್ತು ಆ ಕಾಲೇಜಿನ ಕಚೇರಿ ಸೂಪರಿಂಟೆಂಡೆಂಟ್ ಗುರುಬಸಪ್ಪನವರ ನಡುವೆ. ಗುರುಬಸಪ್ಪ ತುಳಸಿಗೇರಿಯವರು. ಕಚೇರಿಗೆ ಬಂದವರಿಗೆ ಮೊದಲು ನೀರು, ಆಮೇಲೆ ಚಹಾ, ಆಮೇಲೆ ‘ಏನ್ ಕೆಲಸಕ್ಕ ಬಂದಿದ್ರಿ?’ ಎನ್ನುವ ಮನುಷ್ಯ. ಒಪ್ಪಂದದಲ್ಲಿ ಅವರು ಒಂದು ಪದವನ್ನೂ ತಿದ್ದಲಿಲ್ಲ. ನಮ್ಮ ಕಾಲೇಜು ಅರ್ಜಿ ಕಳಿಸುವುದು, ಅವರ ಕಾಲೇಜು ಪಾಠ ಹೇಳಿ ಹಾಜರಿ ದೃಢೀಕರಿಸುವುದು, ನೆರವು ಒಂದೇ ಕಾಲೇಜಿನ ಮೂಲಕ ಬರುವುದು. ಎರಡು ಪ್ರತಿ, ಒಂದೇ ದಿನ ಸಹಿ, ಅದಲುಬದಲು. ವಿದ್ಯಾರ್ಥಿವೇತನದ ಅರ್ಜಿ ಆಗಲೇ ಆನ್‌ಲೈನ್ ಆಗಿತ್ತು. ಅದರಲ್ಲಿ ಎರಡು ಕಾಲೇಜು ತೋರಿಸುವ ಅವಕಾಶ ಇರಲಿಲ್ಲ, ಒಂದನ್ನು ಆರಿಸಿ ಒತ್ತಬೇಕು ಅಷ್ಟೆ. ಹುನಗುಂದ ಎಂದು ಒತ್ತಿದೆವು. ಬಾಗಲಕೋಟೆ ಇದ್ದದ್ದು ಕಾಗದದಲ್ಲಿ ಮಾತ್ರ.

ಮಾಯವ್ವ ದಿನಾ ಅಮೀನಗಡದಿಂದ ಬಾಗಲಕೋಟೆಗೆ ಬಸ್ಸಿನಲ್ಲಿ ಹೋಗಿಬರತೊಡಗಿದಳು. ವರ್ಷದ ನಡುವೆ ಒಮ್ಮೆ ಬೇರೆ ಕೆಲಸಕ್ಕೆ ಬಾಗಲಕೋಟೆಗೆ ಹೋಗಿದ್ದಾಗ ನಾನು ಆ ಕಾಲೇಜಿಗೂ ಹೋದೆ. ಗುರುಬಸಪ್ಪ ಎದ್ದು ನಿಂತು ನನ್ನನ್ನು ವಿಭಾಗಕ್ಕೆ ಕರೆದುಕೊಂಡು ಹೋದರು. ಕಿಟಕಿಯಿಂದ ತೋರಿಸಿದರು. ಮಾಯವ್ವ ಮೊದಲ ಬೆಂಚಿನಲ್ಲಿದ್ದಳು.

‘ಆ ಜಾಗ ಇನ್ನೊಬ್ಬ ಹುಡುಗಂದಿತ್ರಿ. ಎಬ್ಬಿಸಿ ಈಕಿಗೆ ಕೊಟ್ಟೇವಿ,’ ಎಂದರು. ‘ಪ್ರಾಕ್ಟಿಕಲ್ ಇದ್ದ ದಿನ ಊಟಕ್ಕ ನಮ್ಮ ಹೆಣ್ಣುಮಕ್ಕಳ ಕೋಣಿಯಾಗ ಕೂಡಸ್ತೇವಿ. ಗ್ರಂಥಾಲಯದಾಗ ಎರಡು ಪುಸ್ತಕ ಹೆಚ್ಚಿಗಿ ಕೊಡ್ರಿ ಅಂತ ಹೇಳೇನಿ. ಹುನಗುಂದದವ್ರು ನಾಳೆ ಬಾಗಲಕೋಟ್ಯಾವ್ರು ಹಿಂಗ ಮಾಡಿದ್ರು ಅನ್ನಬಾರ್ದ್ ನೋಡ್ರಿ.’

ನಾನು ಸಮಾಧಾನದಿಂದ ಹಿಂದಿರುಗಿದೆ. ದೇಸಾಯಿ ಸರ್‌ಗೆ ಹೇಳಿದೆ. ‘ಆ ಮನಷಾ ಅಷ್ಟು ಮಾಡ್ಯಾನ?’ ಎಂದು ಕೇಳಿ, ‘ಗುರುಬಸಪ್ಪ ಮಾಡಿರಬೇಕು’ ಎಂದು ತಾವೇ ಉತ್ತರ ಕೊಟ್ಟುಕೊಂಡರು.

ವಿದ್ಯಾರ್ಥಿವೇತನ ಬಿಡುಗಡೆಯಾಗಲು ಮತ್ತು ಪರೀಕ್ಷೆಗೆ ಪ್ರವೇಶಪತ್ರ ಬರಲು ಹಾಜರಿ ಕಳಿಸುವ ಹೊತ್ತು ಬಂತು. ಬಾಗಲಕೋಟೆಯಿಂದ ಭೂವಿಜ್ಞಾನ ತರಗತಿಯ ಹಾಜರಿ ಪಟ್ಟಿ ಬಂತು. ಮಾಯವ್ವನ ಹೆಸರು ಇರಲಿಲ್ಲ. ಯಾವುದೋ ಪುಟ ಬಿಟ್ಟುಹೋಗಿರಬೇಕು ಎಂದುಕೊಂಡು ಫೋನು ಮಾಡಿದೆ.

‘ಗುರುಬಸಪ್ಪನವರ, ಪಟ್ಟಿಯೊಳಗ ಮಾಯವ್ವನ ಹೆಸರಿಲ್ಲಲ್ರಿ.’

‘ಇರೂದಿಲ್ರಿ ಮೇಡಂ.’

‘ಯಾಕ್ರಿ?’

‘ಮನಿಗೆ ಬಂದ ಬೀಗರ ಹಾಜರಿ ಯಾರರ ತಗೊಂತಾರೇನ್ರಿ?’

ನಗುತ್ತ ಹೇಳಿದರು. ಚೇಷ್ಟೆ ಎಂದುಕೊಂಡು ನಾನೂ ನಕ್ಕೆ. ಚೇಷ್ಟೆ ಆಗಿರಲಿಲ್ಲ. ಅವರು ವಿವರಿಸಿದ್ದನ್ನು ಆಮೇಲೆ ಭೂವಿಜ್ಞಾನದ ಉಪನ್ಯಾಸಕರಾದ ಹಾದಿಮನಿ ಸರ್ ಕೂಡ ಹಾಗೆಯೇ ಹೇಳಿದರು, ಆದ್ದರಿಂದ ಬರೆಯುತ್ತೇನೆ. ಅವರ ತರಗತಿಯ ಹೆಸರುಗಳ ಯಾದಿ ಕಂಪ್ಯೂಟರಿನಿಂದ ಅಚ್ಚಾಗಿ ಬರುತ್ತಿತ್ತು. ಮಾಯವ್ವ ಅವರ ದಾಖಲೆಯವಳಲ್ಲ, ಹಾಗಾಗಿ ಅವಳ ಹೆಸರು ಅದರಲ್ಲಿ ಬರಲಿಲ್ಲ. ಹಾದಿಮನಿ ಸರ್ ಕೊನೆಯಲ್ಲಿ ಪೆನ್ನಿನಿಂದ ಬರೆಯಲು ಹೋದರು. ಗುರುಬಸಪ್ಪ ತಡೆದರು.

‘ಬೀಗರನ್ನ ಪಂಕ್ತಿ ಕಡೀಗೆ ಕೂಡಸ್ತಾರೇನ್ರಿ ಮೇಡಂ?’ ಎಂದರು ಫೋನಿನಲ್ಲಿ. ‘ಎಲ್ಲಾರ ಹೆಸರೂ ಅಚ್ಚಿನಾಗ, ಈಕಿದೊಂದು ಪೆನ್ನಿಲೆ, ಅದೂ ಎಲ್ಲಾರಕಿಂತ ಕೆಳಗ. ದಿನಾ ಕಡೀಕ ಕರದ್ರ ಹುಡುಗಿಗೆ ಏನನಸ್ತೈತಿ? ನಮ್ಮ ಹುಡುಗ್ರು ಕಿಸಿಕಿಸಿ ನಗ್ತಾರ. ಕರಿಯೋದ ಬ್ಯಾಡ ಅಂದೆ. ಆಕಿ ದಿನಾ ಬರ್ತಾಳ, ಎಲ್ಲಾರಿಗೂ ಕಾಣ್ತಾಳ. ಇನ್ನೇನು ಬೇಕ್ರಿ?’

ಏನು ಬೇಕು ಎಂದು ಹೇಳಿದೆ. ಒಪ್ಪಂದದಲ್ಲಿ ಹಾಜರಿ ದೃಢೀಕರಿಸಬೇಕು ಎಂದು ಬರೆದಿದ್ದೆವು. ದಿನಾ ಹೆಸರು ಕರೆಯಬೇಕು ಎಂದು ಯಾರು ಬರೆಯುತ್ತಾರೆ? ವಿದ್ಯಾರ್ಥಿವೇತನ ಕೊಡುವ ಇಲಾಖೆಯ ಲೆಕ್ಕದಲ್ಲಿ ಮಾಯವ್ವ ಹುನಗುಂದಕ್ಕೆ ಬಂದಿರಲಿಲ್ಲ, ಬಾಗಲಕೋಟೆಯಲ್ಲಿ ಇರಲೇ ಇಲ್ಲ. ನೆರವು ನಿಲ್ಲುತ್ತದೆ, ಪರೀಕ್ಷೆಗೆ ಕೂರಲು ಬಿಡುವುದಿಲ್ಲ, ಪದವಿಯ ಕೊನೆಯ ವರ್ಷ ಹೋಗುತ್ತದೆ. ಹೋದ ವರ್ಷವನ್ನು ಮತ್ತೆ ಓದಿಸುವ ಮಾತು ಆ ಮನೆಯಲ್ಲಿ ಏಳುವುದಿಲ್ಲ ಎಂದು ನನಗೆ ಗೊತ್ತಿತ್ತು.

ದೇಸಾಯಿ ಸರ್ ಮೊದಲು ಸಿಟ್ಟಾದರು. ಖೋ ಖೋ ಪಂದ್ಯ ಮತ್ತೊಮ್ಮೆ ನಡೆಯಿತು. ಚಹಾ ಕುಡಿದ ಮೇಲೆ ಅವರೇ ದಾರಿ ಹೇಳಿದರು.

‘ಮೇಡಂ, ನಮ್ಮ ಹಾಜರಿಯೊಳಗ ಹಾಕಿಬಿಡ್ರಿ. ಹುಡುಗಿ ಓದೂದಂತೂ ಖರೆ. ಇಲ್ಲಿ ಓದಿದ್ರೇನು, ಅಲ್ಲಿ ಓದಿದ್ರೇನು?’

‘ಆಕಿ ಇಲ್ಲಿ ಬಂದಿಲ್ಲಲ್ರಿ ಸರ್. ಪಾಠಾ ಹೇಳಾವ್ರ ಇಲ್ಲ ಅಂತ ಕಾಗದ ಮಾಡೇವಿ. ಇಲ್ಲದ ಪಾಠಕ್ಕ ಹಾಜರಿ ಹೆಂಗ ಹಾಕೂದ್ರಿ?’

ಮಾಯವ್ವ ಅಲ್ಲೇ ಬಾಗಿಲ ಬಳಿ ನಿಂತಿದ್ದಳು. ವಿಷಯ ತಿಳಿಸಲು ನಾನೇ ಕರೆಸಿದ್ದೆ. ಅಳುತ್ತಿರಲಿಲ್ಲ. ‘ಸುಳ್ಳ ಹಾಜರಿ ಬ್ಯಾಡ್ರಿ ಸರ್,’ ಎಂದಳು. ‘ನಾ ಖರೇನ ಕೂತೇನಿ. ಖರೇನ ಕೂತಾಕಿಗೆ ಸುಳ್ಳಂದ್ಯಾಕ?’

ಕಚೇರಿ ಕೆಲಸದಲ್ಲಿ ಇಂಥ ಸಂದರ್ಭ ನಿಮಗೂ ಬರುತ್ತದೆ. ಸುಳ್ಳು ಸುಲಭವಾಗಿರುತ್ತದೆ, ಯಾರಿಗೂ ನಷ್ಟವಾಗುವಂತೆ ಕಾಣುವುದಿಲ್ಲ, ಹಿರಿಯರೇ ಅದನ್ನು ಕರುಣೆಯಿಂದ ಸೂಚಿಸಿರುತ್ತಾರೆ. ಆ ದಿನ ಅದನ್ನು ಬೇಡ ಎಂದದ್ದು ಯಾರಿಗೆ ಲಾಭವಾಗುತ್ತಿತ್ತೋ ಅವಳು. ಅವಳು ಹಾಗೆ ಹೇಳದಿದ್ದರೆ ನಾನು ಎಷ್ಟು ಹೊತ್ತು ಎದುರು ವಾದಿಸುತ್ತಿದ್ದೆ ಎಂದು ಹೇಳಲಾರೆ.

ಇಲಾಖೆಯ ಅಧಿಕಾರಿಯನ್ನು ನಾನು ಕಂಡೆ. ಅವರು ಕಡತವನ್ನು ಓದಿ, ‘ಅಲ್ಲಿನ ಪ್ರಿನ್ಸಿಪಾಲರು ಹಾಜರಿ ಯಾಕೆ ಇಲ್ಲ ಅಂತ ತಮ್ಮ ಸಹಿ ಮಾಡಿ ಬರೆದುಕೊಡಲಿ. ಆಮೇಲೆ ನಾನೇ ಬಂದು ನೋಡ್ತೀನಿ’ ಎಂದರು. ಕೇಳಲು ಸಣ್ಣ ಮಾತು. ಆದರೆ ಅದೇ ದಿನಗಳಲ್ಲಿ ಆ ಕಾಲೇಜಿಗೆ ಅದರ ಗುಣಮಟ್ಟ ಅಳೆಯುವ ಮೌಲ್ಯಮಾಪನ ಸಮಿತಿ ಬರುವುದಿತ್ತು. ತಮ್ಮಲ್ಲಿ ಕೂತ ವಿದ್ಯಾರ್ಥಿನಿಯ ಹಾಜರಿ ತೆಗೆದುಕೊಂಡಿಲ್ಲ ಎಂದು ಯಾವ ಪ್ರಿನ್ಸಿಪಾಲ ಅಂಥ ಹೊತ್ತಿನಲ್ಲಿ ಬರೆದುಕೊಡುತ್ತಾರೆ? ಅದನ್ನು ಸೂಪರಿಂಟೆಂಡೆಂಟ್ ಮಟ್ಟದಲ್ಲಿ ಕೇಳುವಂತಿರಲಿಲ್ಲ. ಪ್ರಿನ್ಸಿಪಾಲರೇ ಪ್ರಿನ್ಸಿಪಾಲರನ್ನು ಕೇಳಬೇಕಿತ್ತು. ದೇಸಾಯಿ ಸರ್‌ಗೆ ಹಾಗೆಯೇ ಹೇಳಿದೆ. ಅವರು ಮೇಜಿನ ಮೇಲಿನ ಗಾಜಿನ ಗುಂಡನ್ನು ಬಹಳ ಹೊತ್ತು ತಿರುಗಿಸಿದರು.

‘ನಾಳೆ ಬಸ್ಸು ಎಷ್ಟಕ್ಕದ?’ ಎಂದರು.

ಬಸ್ಸು ಅಮೀನಗಡದಲ್ಲಿ ನಿಂತಾಗ ಸರ್ ಇಳಿದುಹೋಗಿ ಒಂದು ಡಬ್ಬಿ ಕರದಂಟು ತಂದರು. ಮುಂದಿನ ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು.

ಬಾಗಲಕೋಟೆಯ ಪ್ರಿನ್ಸಿಪಾಲರು ತೆಳ್ಳಗಿನ, ಮೆಲುದನಿಯ ಮನುಷ್ಯ. ನಾನು ಮನಸ್ಸಿನಲ್ಲಿ ಮಾಡಿಕೊಂಡಿದ್ದ ಚಿತ್ರಕ್ಕೂ ಅವರಿಗೂ ಸಂಬಂಧವಿರಲಿಲ್ಲ. ಡಬ್ಬಿ ನೋಡಿದರು.

‘ದೇಸಾಯರ, ನೀವು ಕರದಂಟು ತಂದೀರಿ ಅಂದ್ರ ಕೆಲಸ ದೊಡ್ಡದದ.’

‘ಕೆಲಸ ಸಣ್ಣದದ. ಕೇಳೂದು ದೊಡ್ಡದದ,’ ಎಂದರು ನಮ್ಮ ಸರ್.

ವಿಷಯವನ್ನು ಸರ್ ತಾವೇ ಹೇಳಿದರು, ಯಾರನ್ನೂ ದೂರದೆ. ಅವರು ಅಷ್ಟು ಹೊತ್ತು ಸಿಟ್ಟಿಲ್ಲದೆ ಮಾತಾಡಿದ್ದನ್ನು ನಾನು ಮೊದಲ ಸಲ ನೋಡಿದೆ. ಪ್ರಿನ್ಸಿಪಾಲರು ಗುರುಬಸಪ್ಪನವರನ್ನು ಕರೆಸಿದರು. ಗುರುಬಸಪ್ಪ ಬಂದವರೇ ಪರಿಹಾರ ಹೇಳಿದರು.

‘ಸರ್, ಹೊಸಾ ಯಾದಿ ಮಾಡಿ ಮೊದಲಿಂದ ಹಾಜರಿ ತುಂಬಿಬಿಡೂನ್ರಿ. ಸಮಿತಿಯವ್ರಿಗೂ ತ್ರಾಸಿಲ್ಲ.’

‘ಆಕಿ ಯಾವ ಯಾವ ದಿನ ಬಂದಾಳ ಗುರುಬಸಪ್ಪ?’ ಎಂದರು ಅಲ್ಲಿನ ಪ್ರಿನ್ಸಿಪಾಲರು.

‘ಎಲ್ಲಾ ದಿನ ಬಂದಾಳ್ರಿ.’

‘ಒಂದ ದಿನಾನೂ ತಪ್ಪಿಸಿಲ್ಲ? ನಿನಗ ಖಾತ್ರಿ ಐತಿ?’

ಗುರುಬಸಪ್ಪ ಹಾದಿಮನಿ ಸರ್ ಅವರನ್ನು ಕೇಳಬೇಕು ಎಂದರು. ಕರೆಸಿ ಕೇಳಿದಾಗ ಹಾದಿಮನಿ ಸರ್‌ಗೂ ಖಾತ್ರಿ ಇರಲಿಲ್ಲ.

‘ನಿಮಗ ಗೊತ್ತಿಲ್ಲದ್ದನ್ನ ನಾ ಹೆಂಗ ಸಹಿ ಮಾಡ್ಲಿ?’ ಎಂದರು ಪ್ರಿನ್ಸಿಪಾಲರು. ಆಮೇಲೆ ಕಾಗದ ತೆಗೆದುಕೊಂಡು ತಾವೇ ಬರೆದರು. ಹಾಜರಿ ತೆಗೆದುಕೊಳ್ಳದೆ ಇದ್ದದ್ದು ತಮ್ಮ ಕಾಲೇಜಿನ ಲೋಪ, ವಿದ್ಯಾರ್ಥಿನಿಯದಲ್ಲ, ಅವಳು ತರಗತಿಗೆ ಬರುತ್ತಿದ್ದುದನ್ನು ಉಪನ್ಯಾಸಕರೂ ಸಹಪಾಠಿಗಳೂ ಬಲ್ಲರು ಎಂದು. ನಾಲ್ಕು ಸಾಲು. ಮೊಹರು ಹಾಕಿ ದೇಸಾಯಿ ಸರ್ ಕೈಗೆ ಕೊಟ್ಟರು.

‘ಸಮಿತಿ ಕೇಳಿದ್ರ?’ ಎಂದರು ಸರ್.

‘ಕೇಳಿದ್ರ ಇದನ್ನ ತೋರಸ್ತೇನಿ.’

ಹೊರಗೆ ಬಂದು ಬಸ್ ನಿಲ್ದಾಣಕ್ಕೆ ನಡೆದೆವು. ಅಲ್ಲಿ ಸರ್ ಹೇಳಿದರು: ‘ಆ ಹುಡುಗ ಔಟ್ ಆಗಿದ್ನೋ ಏನೋ, ಮೇಡಂ. ನಾನೂ ದೂರ ನಿಂತಿದ್ದೆ.’ ನನ್ನ ಎದುರಿಗೆ ಆ ಪಂದ್ಯದ ಮಾತು ಅವರು ಮತ್ತೆ ಎತ್ತಲಿಲ್ಲ.

ಅಧಿಕಾರಿ ಹೇಳದೆಯೇ ಒಂದು ಬೆಳಿಗ್ಗೆ ಬಾಗಲಕೋಟೆಯ ಕಾಲೇಜಿಗೆ ಬಂದರು. ಅವರು ಬಂದ ಮೇಲೆ ಗುರುಬಸಪ್ಪ ನನಗೆ ಫೋನು ಮಾಡಿದರು. ನಾನು ಆ ದಿನ ಬಾಗಲಕೋಟೆಯಲ್ಲೇ, ಖಜಾನೆ ಕೆಲಸದ ಮೇಲೆ ಇದ್ದೆ. ಅಲ್ಲಿಗೆ ಹೋಗುವಷ್ಟರಲ್ಲಿ ಅವರು ತರಗತಿಯೊಳಗೆ ಇದ್ದರು. ಗುರುಬಸಪ್ಪ ಬಾಗಿಲಲ್ಲಿ ನಿಂತಿದ್ದರು. ನಾನೂ ಅವರ ಪಕ್ಕ ನಿಂತೆ. ಮುಂದಿನದೆಲ್ಲ ನಾನು ಕಂಡದ್ದು.

ಅಧಿಕಾರಿ ಮಾಯವ್ವನನ್ನು ತೋರಿಸಿ ಹಿಂದಿನ ಬೆಂಚಿನ ಒಬ್ಬ ಹುಡುಗನನ್ನು ಕೇಳಿದರು.

‘ಇವರು ಯಾರು?’

‘ಮಾಯವ್ವ ರೀ. ಹುನಗುಂದದಾಕಿ.’

‘ದಿನಾ ಬರ್ತಾರಾ?’

‘ಬರ್ತಾಳ್ರಿ. ಪ್ರಾಕ್ಟಿಕಲ್‌ದಾಗ ಕಲ್ಲಿನ ಹೆಸರು ತಪ್ಪು ಹೇಳಿದ್ರ ನಮಗ ಬೈತಾಳ್ರಿ.’

‘ಯಾವಾಗಲೂ ಅಲ್ಲೇ ಕೂತ್ಕೊಳ್ತಾರಾ?’

‘ಹೂಂ ರೀ. ಆ ಜಾಗಾ ಮೊದಲ ನಂದಿತ್ರಿ,’ ಎಂದ ಹುಡುಗ. ತರಗತಿ ನಕ್ಕಿತು. ಅಧಿಕಾರಿಯೂ ನಕ್ಕು, ಹಾದಿಮನಿ ಸರ್ ಕಡೆ ತಿರುಗಿ ಹಾಜರಿ ತೆಗೆದುಕೊಳ್ಳಲು ಹೇಳಿದರು.

ಹಾದಿಮನಿ ಸರ್ ಅಚ್ಚಿನ ಯಾದಿ ಓದುತ್ತ ಹೋದರು. ಒಬ್ಬೊಬ್ಬರೇ ಎದ್ದು ಓಗೊಟ್ಟು ಕೂತರು. ಮಾಯವ್ವ ಬೆಂಚಿನ ಅಂಚನ್ನು ಹಿಡಿದು ಕೂತಿದ್ದಳು. ಯಾದಿ ಮುಗಿಯಿತು. ಹಾದಿಮನಿ ಸರ್ ಒಮ್ಮೆ ಬಾಗಿಲ ಕಡೆ ನೋಡಿದರು. ಗುರುಬಸಪ್ಪ ಗೋಡೆಯ ಕಡೆ ತಿರುಗಿಕೊಂಡರು. ಸರ್ ಪೆನ್ನು ತೆಗೆದು ಕೊನೆಯ ಹೆಸರಿನ ಕೆಳಗೆ ಬರೆದು, ಬರೆದದ್ದನ್ನು ಕರೆದರು.

‘ಮಾಯವ್ವ.’

ಅವಳು ಎದ್ದು ನಿಂತು ‘ಹಾಜರ್ ಸರ್’ ಎಂದಳು. ಯಾರೂ ಕಿಸಿಕಿಸಿ ನಗಲಿಲ್ಲ.

ಹೊರಗೆ ಬಂದಾಗ ಅಧಿಕಾರಿ ನನಗೆ ಹೇಳಿದರು: ‘ಮೇಡಂ, ಬರದೇ ಇರೋರಿಗೆ ಹಾಜರಿ ಹಾಕಿದ ಕೇಸು ಬೇಕಾದಷ್ಟು ನೋಡಿದ್ದೀನಿ. ಬಂದವರಿಗೆ ಹಾಕದ ಕೇಸು ಇದೇ ಮೊದಲು.’ ಅವರು ದಕ್ಷಿಣದ ಕಡೆಯವರು, ಇಲ್ಲಿಗೆ ಹೊಸಬರು. ಗುರುಬಸಪ್ಪ ಅವರಿಗೂ ನೀರು ಕೊಟ್ಟು ಚಹಾ ತರಿಸಿದರು. ಆಮೇಲೆ ಮಾಯವ್ವನ ಬಳಿ ಹೋಗಿ ‘ಸಿಟ್ಟಾಗೀಯೇನವಾ?’ ಎಂದು ಕೇಳಿದರು.

‘ಇಲ್ರೀ ಕಾಕಾ. ಇನ್ನ ಮ್ಯಾಲೆ ದಿನಾ ಕರೀರಿ, ಅಷ್ಟ.’

ಅಧಿಕಾರಿಯ ವರದಿ ಅವಳ ಪರವಾಗಿತ್ತು. ಅದರ ಮೇಲೆ ನೆರವು ಬಿಡುಗಡೆಯಾಯಿತು, ವಿಶ್ವವಿದ್ಯಾಲಯದಿಂದ ಪರೀಕ್ಷೆಗೆ ಅನುಮತಿ ಬಂತು. ಸಮಿತಿ ಆ ನಾಲ್ಕು ಸಾಲಿನ ಬಗ್ಗೆ ಪ್ರಿನ್ಸಿಪಾಲರನ್ನು ಕೇಳಿತು, ಅವರು ತೋರಿಸಿದರು ಎಂದು ಗುರುಬಸಪ್ಪ ಹೇಳಿದರು. ಟಿಪ್ಪಣಿಯಲ್ಲಿ ಅದು ಒಂದು ಕುಂದಾಗಿ ಸೇರಿತಂತೆ. ಒಬ್ಬ ಹೊರಗಿನ ವಿದ್ಯಾರ್ಥಿನಿಗಾಗಿ ತಮ್ಮ ಕಾಲೇಜಿನ ಮೇಲೆ ಕುಂದು ಬರೆಸಿಕೊಂಡ ಮನುಷ್ಯನನ್ನು ನಾನು ಮತ್ತೆ ಭೇಟಿಯಾಗಲಿಲ್ಲ. ಕೃತಜ್ಞತೆ ಹೇಳುವ ಸಂದರ್ಭ ಬರಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ. ಗುರುಬಸಪ್ಪನವರಿಗೂ ಹೇಳಬೇಕು. ತಪ್ಪು ನಡೆದದ್ದು ಅವರ ಒಳ್ಳೆಯತನದಿಂದ. ಆ ಒಳ್ಳೆಯತನ ಇಲ್ಲದೆ ಮಾಯವ್ವ ಅಷ್ಟು ದಿನ ಅಲ್ಲಿ ನೆಮ್ಮದಿಯಿಂದ ಓದುತ್ತಿದ್ದಳು ಎಂದೂ ನನಗೆ ಅನಿಸುವುದಿಲ್ಲ.

ಆಮೇಲಿನ ಎಲ್ಲ ಒಪ್ಪಂದಗಳಿಗೂ ಒಂದು ಸಾಲು ಸೇರಿಸಿದೆವು. ಬೇರೆ ಕಾಲೇಜಿನಿಂದ ಬಂದವರ ಹೆಸರನ್ನು ತರಗತಿಯ ಯಾದಿಯಲ್ಲಿ ಅಕಾರಾದಿಯಾಗಿ ಸೇರಿಸಿ ದಿನವೂ ಕರೆಯತಕ್ಕದ್ದು. ಅಕಾರಾದಿ ಎಂಬುದು ಗುರುಬಸಪ್ಪನವರ ಸೂಚನೆ. ಹಾಗಾದರೆ ಯಾರೂ ಪಂಕ್ತಿಯ ಕೊನೆಗೆ ಕೂತಂತಾಗುವುದಿಲ್ಲ ಎಂದರು. ಆ ವರ್ಷದ ಉಳಿದ ದಿನಗಳಿಗೂ ಅವರು ಹೊಸ ಯಾದಿ ಅಚ್ಚು ಮಾಡಿಸಿದರು. ಮಾಯವ್ವನ ಹೆಸರು ಮಲ್ಲಪ್ಪ ಎಂಬವನ ಕೆಳಗೆ, ಮುತ್ತವ್ವ ಎಂಬವಳ ಮೇಲೆ ಬಂತು. ಹೊಸದಾಗಿ ಈ ಕೆಲಸಕ್ಕೆ ಬಂದವರು ಇಂಥ ಸಾಲುಗಳನ್ನು ಕಂಡಾಗ ಇದನ್ನೆಲ್ಲ ಯಾಕೆ ಬರೆದಿದ್ದಾರೆ ಎಂದು ನಗಬಹುದು. ಪ್ರತಿ ಸಾಲಿನ ಹಿಂದೆಯೂ ಯಾರದೋ ಒಂದು ವರ್ಷ ಇರುತ್ತದೆ.

ಮಾಯವ್ವ ಪಾಸಾದಳು, ಮುಂದೆ ಓದಲು ಹೋದಳು. ಅದರಾಚೆಯದು ಅವಳ ಬದುಕು, ನಾನು ಬರೆಯುವಂಥದ್ದಲ್ಲ. ಆದರೆ ಪರೀಕ್ಷೆಗೆ ಮೊದಲು, ಹೊಸ ಯಾದಿ ಬಂದ ಮೇಲೆ, ಅವಳು ಒಂದು ದಿನ ಕಚೇರಿಗೆ ಫೋನು ಮಾಡಿದ್ದಳು.

‘ಮೇಡಂ, ನಿನ್ನೆ ನನಗ ಗೈರು ಹಾಕ್ಯಾರ್ರಿ.’

ಮತ್ತೇನು ಎಡವಟ್ಟಾಯಿತೋ ಎಂದು ನಾನು ಕುರ್ಚಿಯಿಂದ ಎದ್ದೆ. ‘ನಿನ್ನೆ ಕಾಲೇಜಿಗೆ ಹೋಗಿದ್ದ್ಯಾ?’

‘ಇಲ್ರಿ. ಅಕ್ಕನ ಕೂಸಿಗೆ ಆರಾಮಿರಲಿಲ್ಲ. ದವಾಖಾನಿಗೆ ಹೋಗಿದ್ವಿ.’

‘ಮತ್ತ ಹಾಕಿದ್ದು ಬರೋಬ್ಬರಿ ಐತಲ್ಲವಾ.’

‘ಬರೋಬ್ಬರಿ ಐತ್ರಿ,’ ಎಂದಳು. ‘ಅದನ್ನ ಹೇಳಾಕ ಫೋನ್ ಮಾಡಿದೆ.’